ಸೋಲಾರಿಸ್ ಎಲೆ ಮೇಲಿನ ಕಪ್ಪು ಚುಕ್ಕೆ

2021ರ ಜುಲೈ. ಜರ್ಮನಿಯ ಬಾಡೆನ್ ಭಾಗದಲ್ಲಿ ಮಳೆ ಬಿಡುವೇ ಕೊಡಲಿಲ್ಲ. ನಾನಿದ್ದ ಸಾವಯವ ದ್ರಾಕ್ಷಿ ತೋಟದಲ್ಲಿ ಸ್ಪೇಟ್‌ಬುರ್ಗುಂಡರ್ ಅನ್ನೋ ತಳಿಯ ಸಾಲುಗಳಿಗೆ ಪೆರೋ ಅನ್ನೋ ರೋಗ ಬಡಿದಿತ್ತು. ನಮ್ಮ ವಿಜಯಪುರದಲ್ಲಿ ದಾವಣಿ ಅಂತಾರಲ್ಲ, ಆ ಡೌನಿ ಮಿಲ್ಡ್ಯೂ ರೋಗವೇ ಅದು. ಅದಕ್ಕೆ ತಾಮ್ರದ ಔಷಧಿ ಹೊಡೆಯೋಕೂ ಮಿತಿ ಇದೆ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ.

ಅಷ್ಟರಲ್ಲಿ ಸೋಲಾರಿಸ್ ದ್ರಾಕ್ಷಿಯ ಎಲೆಗಳಲ್ಲೂ ಕಪ್ಪು ಚುಕ್ಕೆ ಕಾಣಿಸಿದವು. 1975ರಲ್ಲಿ ಫ್ರೈಬುರ್ಗ್‌ನಲ್ಲಿ ಹುಟ್ಟಿದ ಪೀವಿ, ಅಂದರೆ ರೋಗ ತಡೆಯುವ ತಳಿ ಇದು. ಅಮೂರ್ ಕಾಡು ದ್ರಾಕ್ಷಿಯಿಂದ ಬಂದ ಆರ್‌ಪಿವಿ10 ಅನ್ನೋ ಪೆರೋ ತಡೆಯುವ ಜೀನ್ ಇದರಲ್ಲಿದೆ. ಮ್ಯಾನೇಜರ್ ಒಂದು ಎಲೆ ಕಿತ್ತು ನನ್ನ ಮುಂದೆ ಹಿಡಿದರು. "ಇದೂ ಹೋಯ್ತು. ಬೆಳಿಗ್ಗೆ ಸ್ಪ್ರೇ ಟ್ಯಾಂಕ್ ತುಂಬಿಸು."

ಎಲೆ ತಿರುಗಿಸಿ ನೋಡಿದೆ. ಪೆರೋ ಬೆಳೆದಿದ್ದರೆ ಹಿಂಬದಿ ಬೆಳ್ಳಗಾಗುತ್ತದೆ, ಇಲ್ಲಿ ಬೆಳ್ಳಗೆ ಏನೂ ಇರಲಿಲ್ಲ. "ಒಂದು ರಾತ್ರಿ ತಡೀರಿ" ಅಂದೆ. ಎರಡೂ ತಳಿಯ ಎಲೆಗಳನ್ನು ಒದ್ದೆ ಪೇಪರ್ ಜೊತೆ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಟ್ಟೆ. ನಿದ್ದೆ ಸರಿಯಾಗಿ ಹತ್ತಲಿಲ್ಲ.

ಬೆಳಿಗ್ಗೆ ಅವರು ಕೈಕಟ್ಟಿ ಎದುರಿಗೇ ನಿಂತಿದ್ದರು. ಸ್ಪೇಟ್‌ಬುರ್ಗುಂಡರ್ ಎಲೆಯ ಹಿಂಬದಿ ಸಕ್ಕರೆ ಪುಡಿ ಉದುರಿಸಿದ ಹಾಗಿತ್ತು. ಸೋಲಾರಿಸ್ ಎಲೆಯನ್ನು ಬೆಳಕಿಗೆ ಹಿಡಿದು, ಲೆನ್ಸ್ ಇಟ್ಟು ಒಂದೊಂದೇ ಚುಕ್ಕೆ ನೋಡಿದೆವು. ಯಾರೂ ಮಾತಾಡಲಿಲ್ಲ. ಅಲ್ಲೊಂದು ಇಲ್ಲೊಂದು ಸಣ್ಣ ಬಿಳಿ ಎಳೆ, ಅಷ್ಟೇ.

ಆ ಚುಕ್ಕೆ ಬಳ್ಳಿಯೇ ಮಾಡಿಕೊಂಡದ್ದು. ಪೆರೋ ನಿಜವಾದ ಶಿಲೀಂಧ್ರ ಅಲ್ಲ, ಕಂದು ಪಾಚಿಗಳಿಗೆ ಹತ್ತಿರದ ಜೀವಿ. ಎಲೆ ಮೇಲಿನ ನೀರಲ್ಲಿ ಈಜಿಕೊಂಡು ಬಂದು ಸಣ್ಣ ರಂಧ್ರಗಳಿಂದ ಒಳಗೆ ಹೋಗುತ್ತದೆ. ಜೀವಂತ ಕೋಶ ಇಲ್ಲದಿದ್ದರೆ ಅದು ಬದುಕಲ್ಲ. ಸೋಲಾರಿಸ್ ಅದನ್ನು ಗುರುತಿಸಿ, ಅದು ಹೊಕ್ಕ ಜಾಗದ ಕೋಶಗಳನ್ನು ತಾನೇ ಸಾಯಿಸುತ್ತದೆ.

"ಹಾಗಾದ್ರೆ ಈ ಸಾಲಿಗೆ ಔಷಧಿನೇ ಬೇಡ, ಅಲ್ವಾ?" ಅಂದರು ಮ್ಯಾನೇಜರ್. ಅದಕ್ಕೂ ನಾನು ಒಪ್ಪಲಿಲ್ಲ. ಬಿಯಾಂಕಾ ಅನ್ನೋ ಇನ್ನೊಂದು ರೋಗ ತಡೆಯುವ ತಳಿಯ ಆರ್‌ಪಿವಿ3 ಜೀನ್ ಅನ್ನು ಮೀರಿದ ಪೆರೋ 2010ರಲ್ಲೇ ವರದಿಯಾಗಿದೆ. ಒಂದೆರಡು ಜೀನ್ ನಂಬಿ ಪೂರ್ತಿ ಕೈಬಿಟ್ಟರೆ ಇದಕ್ಕೂ ಅದೇ ಗತಿ. ಹೂವಿನ ಹೊತ್ತಿಗೆ ಒಂದೆರಡು ಸಿಂಪಡಣೆ ಬೇಕೇ ಬೇಕು. ಆದರೆ ಆಫೀಸಿನವರಿಗೆ "ಔಷಧಿ ಮುಟ್ಟಿಸದ ವೈನ್" ಅಂತ ಲೇಬಲ್ ಹಾಕುವ ಆಸೆ. ತಳಿ ಬೆಳೆಸೋಕೆ ಎಷ್ಟೋ ವರ್ಷ ಬೇಕು, ಹಾಳು ಮಾಡೋಕೆ ಈ ಅವಸರ ಸಾಕು. ನನಗೆ ಸಿಟ್ಟು ಬರೋದು ಇದಕ್ಕೇ.

ಊರಲ್ಲಿ ಅಣ್ಣ ಕೇಳುತ್ತಾನೆ, "ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟೇವಲ್ಲ, ಮತ್ಯಾಕ ದಾವಣಿ ಬರ್ತದ?" ಬೇರಿನ ಗುಣ ಎಲೆಗೆ ಏರಲ್ಲ ಅಣ್ಣ. ಮೇಲೆ ಕಸಿ ಕಟ್ಟಿದ ಥಾಮ್ಸನ್ ತಳಿಯಲ್ಲೇ ಆ ಜೀನ್ ಇರಬೇಕು, ಅದರಲ್ಲಿಲ್ಲ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರೋದು ಆದಮೇಲೆ ಮಳೆ ಬಂತೋ, ದಿನಾ ಎಲೆ ತಿರುಗಿಸಿ ನೋಡು.