ತೊಗರಿ ಕುಡಿ ಚಿವುಟುವ ಯಂತ್ರ: ಇಲ್ಲಿಯವರೆಗಿನ ಕೆಲಸ

ನಮ್ಮ ತಂಡದಲ್ಲಿ ಐವರಿದ್ದೇವೆ. ಮೆಕ್ಯಾನಿಕಲ್ ವಿಭಾಗದಿಂದ ಮೂವರು, ಎಲೆಕ್ಟ್ರಿಕಲ್ ವಿಭಾಗದಿಂದ ಇಬ್ಬರು. ಕಲಬುರಗಿಯ ಹೊರವಲಯದಲ್ಲಿರುವ ಸಣ್ಣ ಕಾಲೇಜು ನಮ್ಮದು. ದೊಡ್ಡ ಪ್ರಯೋಗಾಲಯಗಳಿಲ್ಲ, ಆದರೆ ಲೋಹ ಕಡೆಯುವ ಲೇತ್ ಯಂತ್ರ ಕೇಳಿದ ದಿನವೇ ಸಿಗುತ್ತದೆ. ಎರಡೂ ವಿಭಾಗಗಳ ನಡುವೆ ಇರುವುದು ಒಂದು ಓಣಿ ಮಾತ್ರ. ಈ ಓಣಿಯ ಉಪಕಾರ ಎಷ್ಟು ದೊಡ್ಡದೆಂಬುದು ಮುಂದೆ ಬರುತ್ತದೆ.

ಜೂನ್

ಪ್ರಾಜೆಕ್ಟ್‌ಗೆ ವಿಷಯ ಕೇಳಲು ಹೋದಾಗ ಮಾರ್ಗದರ್ಶಕರು ವಿಷಯ ಕೊಡಲಿಲ್ಲ. ಹೊಲಕ್ಕೆ ಹೋಗಿ, ಯಾವ ಕೆಲಸ ಮೈಗೆ ಭಾರವಾಗಿದೆ ಎಂದು ಕೇಳಿಕೊಂಡು ಬನ್ನಿ ಎಂದರು. ಆಳಂದ ತಾಲ್ಲೂಕಿನಲ್ಲಿ ತಂಡದ ಒಬ್ಬನ ಸೋದರಮಾವನ ಹೊಲವಿದೆ. ಅಲ್ಲಿ ಬಿತ್ತನೆಗೆ ಬಂದಿದ್ದ ಹೆಣ್ಣುಮಕ್ಕಳು ತಡವಿಲ್ಲದೆ ಉತ್ತರಿಸಿದರು: ಶ್ರಾವಣದಲ್ಲಿ ತೊಗರಿಯ ಕುಡಿ ಚಿವುಟುವುದು.

ತೊಗರಿ ಬೆಳೆಯದ ಕಡೆಯವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಗಿಡದ ತುದಿಯ ಮೊಗ್ಗು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳಿಸುತ್ತಾ ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ಬಿತ್ತಿದ ಸುಮಾರು 45 ರಿಂದ 60 ದಿನಗಳೊಳಗೆ ಆ ತುದಿಯನ್ನು ಐದಾರು ಸೆಂಟಿಮೀಟರ್ ಚಿವುಟಿದರೆ ತಡೆ ತಪ್ಪುತ್ತದೆ, ಪಕ್ಕದ ರೆಂಬೆಗಳು ಒಡೆಯುತ್ತವೆ. ರೆಂಬೆ ಹೆಚ್ಚಿದಷ್ಟೂ ಹೂವಿಗೂ ಕಾಯಿಗೂ ಜಾಗ ಹೆಚ್ಚು. ತಡಮಾಡಿ ಹೂಮೊಗ್ಗು ಕಟ್ಟಿದ ಮೇಲೆ ಚಿವುಟಿದರೆ ಲಾಭದ ಬದಲು ನಷ್ಟ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಬೇಳೆಯ ಹಿಂದೆ ಬೆರಳಿನಿಂದಲೋ ಕುಡುಗೋಲಿನಿಂದಲೋ ಗಿಡ ಗಿಡವನ್ನೂ ಮುಟ್ಟುವ ಈ ಕೆಲಸವಿದೆ ಎಂಬುದು ನಮ್ಮ ತಂಡದಲ್ಲೇ ಎಲ್ಲರಿಗೂ ಗೊತ್ತಿರಲಿಲ್ಲ.

ಮರಳಿ ಬಂದು ಲೆಕ್ಕಕ್ಕೆ ಕುಳಿತೆವು. ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಎಂದು ಹಿಡಿದರೆ ಎಕರೆಗೆ ಸುಮಾರು 15,000 ಗಿಡಗಳು. ಒಂದು ಗಿಡಕ್ಕೆ ಮೂರು ಸೆಕೆಂಡ್ ಎಂದರೂ ಹನ್ನೆರಡೂವರೆ ಗಂಟೆ. ಎಲ್ಲ ಸಾಲುಗಳ ಉದ್ದ ಕೂಡಿದರೆ ನಾಲ್ಕೂವರೆ ಕಿಲೋಮೀಟರ್. ನಿಲ್ಲದೆ ಸೆಕೆಂಡಿಗೆ ಅರ್ಧ ಮೀಟರ್ ನಡೆದರೆ ಎರಡೂವರೆ ಗಂಟೆಯಲ್ಲಿ ಎಕರೆ ಮುಗಿಯಬೇಕು. ಈ ಎರಡೂವರೆ ಗಂಟೆಯೇ ಅಲ್ಲಿಂದ ಮುಂದೆ ನಮ್ಮ ಎಲ್ಲ ತೀರ್ಮಾನಗಳಿಗೂ ಆಧಾರವಾಯಿತು.

ಬ್ಯಾಟರಿಯಿಂದ ಓಡುವ ಕುಡಿ ಚಿವುಟುವ ಯಂತ್ರಗಳು ಈಗಾಗಲೇ ಬಳಕೆಯಲ್ಲಿವೆ. ಔಷಧ ಸಿಂಪಡಿಸುವ ಪಂಪಿನ ಬ್ಯಾಟರಿಯನ್ನು ಬೆನ್ನಿಗೆ ಹೊತ್ತು, ಉದ್ದನೆಯ ಪೈಪಿನ ತುದಿಯಲ್ಲಿ ಮೋಟಾರು ಮತ್ತು ಬ್ಲೇಡು ಹಿಡಿದು ನಡೆಯುವುದು ಅದರ ರೀತಿ. ಅಂಥದ್ದೊಂದನ್ನು ಎರವಲು ತಂದು ಸರದಿಯ ಮೇಲೆ ಹಿಡಿದೆವು. ಬೇಗ ಸೋತದ್ದು ಬೆನ್ನಲ್ಲ, ಮುಂಗೈ. ಕಾರಣ ಮೂರನೆಯ ಸೆಮಿಸ್ಟರಿನ ಪುಸ್ತಕದಲ್ಲಿಯೇ ಇದೆ: ಕೈಯಿಂದ 1.2 ಮೀಟರ್ ದೂರದಲ್ಲಿ 600 ಗ್ರಾಂ ಭಾರವಿದ್ದರೆ ಮಣಿಕಟ್ಟಿನ ಮೇಲೆ ಸುಮಾರು 7 ನ್ಯೂಟನ್-ಮೀಟರ್ ತಿರುಚುಬಲ ಬೀಳುತ್ತದೆ. ಪರೀಕ್ಷೆಯಲ್ಲಿ ಇಂಥ ಲೆಕ್ಕಗಳನ್ನು ಎಷ್ಟೋ ಬಿಡಿಸಿದ್ದೇವೆ. ದಿನವಿಡೀ ಅದನ್ನು ಹಿಡಿದು ನಡೆಯುವವರ ತೋಳನ್ನು ನೆನೆದು ಬಿಡಿಸಿದ್ದು ಇದೇ ಮೊದಲು. ಮಣಿಕಟ್ಟಿನ ಮೇಲೆ ಭಾರವೇ ಬೀಳದ ಯಂತ್ರ ಮಾಡಬೇಕು ಎಂದು ಅಂದು ಬರೆದಿಟ್ಟುಕೊಂಡೆವು.

ಜುಲೈ

ಈ ತಿಂಗಳೇ ನಿಜವಾದ ಓದು ನಡೆದದ್ದು, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಬ್ಯಾಟರಿಯನ್ನು ಬೆನ್ನಿನಿಂದ ಇಳಿಸಿ ಪೈಪಿನ ಹಿಂತುದಿಗೆ ಕಟ್ಟಿದರೆ ಹೇಗೆ? ಏತದ ಹಿಂತುದಿಗೆ ಕಲ್ಲು ಕಟ್ಟುವ ಹಾಗೆ, ಹೇಗೂ ಹೊರಲೇಬೇಕಾದ ತೂಕ ಮುಂದಿನ ತೂಕವನ್ನು ಎತ್ತಿ ಹಿಡಿಯಲಿ ಎಂಬುದು ಗೆಳತಿಯ ಸಲಹೆ. 12 ವೋಲ್ಟ್, 8 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿ ಎರಡೂವರೆ ಕಿಲೋ ಹತ್ತಿರ ತೂಗುತ್ತದೆ, ಅದು ಹೆಚ್ಚಾಯಿತು. 3.2 ವೋಲ್ಟ್, 6 ಆಂಪಿಯರ್-ಅವರ್‌ನ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳನ್ನು ಸರಣಿಯಲ್ಲಿ ಜೋಡಿಸಿದೆವು. ರಕ್ಷಣಾ ಸರ್ಕ್ಯೂಟು ಮತ್ತು ಪೆಟ್ಟಿಗೆ ಸೇರಿ 800 ಗ್ರಾಂ ಆಯಿತು. 1.8 ಮೀಟರ್ ಉದ್ದದ ಅಲ್ಯೂಮಿನಿಯಂ ಪೈಪು ಅರ್ಧ ಕಿಲೋಗಿಂತ ತುಸು ಹೆಚ್ಚು. ಹೆಗಲ ಪಟ್ಟಿಯ ಕೊಕ್ಕೆಯಿಂದ ಮುಂದಕ್ಕೆ ಒಂದು ಮೀಟರ್, ಹಿಂದಕ್ಕೆ 80 ಸೆಂ.ಮೀ. ಬರುವಂತೆ ತೂಗುಹಾಕಿದಾಗ ಇಡೀ ಯಂತ್ರ ಹೆಚ್ಚುಕಡಿಮೆ ಸಮತಟ್ಟಾಗಿ ನಿಂತಿತು. ಒಟ್ಟು ತೂಕ ಎರಡು ಕಿಲೋ, ಅಷ್ಟೂ ಹೆಗಲ ಮೇಲೆ. ವರ್ಕ್‌ಶಾಪಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಒಂದೇ ಬೆರಳಿನಿಂದ ತುದಿಯನ್ನು ಏರಿಸಿ ಇಳಿಸಿ ನೋಡಿದರು.

ಮುಂದಿನ ತೊಡಕು ಶಕ್ತಿಯದು. ಈ ಬ್ಯಾಟರಿಯಲ್ಲಿರುವುದು 77 ವ್ಯಾಟ್-ಅವರ್. ನಿಮಿಷಕ್ಕೆ 6,000 ಸುತ್ತಿನ ವೇಗದಲ್ಲಿ ನಮ್ಮ ಮೋಟಾರು ಸರಾಸರಿ 2.5 ಆಂಪಿಯರ್ ಎಳೆಯುತ್ತಿತ್ತು. ಎರಡೂವರೆ ಗಂಟೆಗೆ 80 ವ್ಯಾಟ್-ಅವರ್ ಬೇಕು. ಎಂದರೆ ಎಕರೆ ಮುಗಿಯುವ ಮುನ್ನವೇ ಬ್ಯಾಟರಿ ಮುಗಿಯುತ್ತದೆ. ಎಲೆಕ್ಟ್ರಿಕಲ್‌ನವರು ವೇಗ ತಗ್ಗಿಸಲು ನಿಯಂತ್ರಕ ಕೂಡಿಸಿದರು. ತೊಗರಿ ಇನ್ನೂ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲವಾದ್ದರಿಂದ ಬದುವಿನ ಪುಂಡಿ ಗಿಡದ ಎಳೆಯ ಕಡ್ಡಿಗಳನ್ನು ಕತ್ತರಿಸಿ ಪರೀಕ್ಷಿಸಿದೆವು. 15 ಸೆಂ.ಮೀ. ವ್ಯಾಸದ ಬ್ಲೇಡಿನ ತುದಿ 6,000 ಸುತ್ತಿನಲ್ಲಿ ಸೆಕೆಂಡಿಗೆ 47 ಮೀಟರ್ ವೇಗದಲ್ಲಿ ಓಡುತ್ತದೆ, ಕತ್ತರಿಕೆ ನುಣುಪಾಗಿತ್ತು. 3,000ಕ್ಕಿಂತ ಕೆಳಗಿಳಿಸಿದರೆ ಕಡ್ಡಿ ಕತ್ತರಿಸುವ ಬದಲು ಬಾಗಿ ಜಾರಿಕೊಂಡಿತು, ತೊಗಟೆ ಸೀಳಿತು. ಸೀಳಿದ ಗಾಯ ಗಿಡಕ್ಕೆ ಒಳ್ಳೆಯದಲ್ಲ.

ಕಡ್ಡಿ ಏಕೆ ಬಾಗುತ್ತದೆ? ಅದಕ್ಕೆ ಆತುಕೊಳ್ಳಲು ಏನೂ ಇಲ್ಲ. ತನ್ನ ಜಡತ್ವವೊಂದೇ ಆಸರೆ. ಹಾಗಾಗಿಯೇ ಅಷ್ಟು ವೇಗ ಬೇಕಾಗಿತ್ತು. ಆಸರೆಯನ್ನು ನಾವೇ ಕೊಟ್ಟರೆ ವೇಗ ಬೇಕಿಲ್ಲ. ಬ್ಲೇಡಿನ ಕೆಳಗೆ, ಅದಕ್ಕೆ ತಾಗದಷ್ಟೇ ಅಂತರದಲ್ಲಿ, ಉಕ್ಕಿನ ತಗಡಿನ ಹಲ್ಲುಗಳ ಸಾಲನ್ನು ಕೂಡಿಸಿದೆವು. ಕಪನೂರ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ತಗಡನ್ನು ಕತ್ತರಿಸಿಕೊಟ್ಟರು. ಕಡ್ಡಿ ಹಲ್ಲಿನ ಸಂದಿಗೆ ಬಂದು ನಿಲ್ಲುತ್ತದೆ, ಬ್ಲೇಡು ಅದನ್ನು ಹಲ್ಲಿಗೆ ಒತ್ತಿ ತುಂಡರಿಸುತ್ತದೆ. 2,600 ಸುತ್ತಿನಲ್ಲಿಯೂ ನುಣುಪಾದ ಕತ್ತರಿಕೆ. ವಿದ್ಯುತ್ ಪ್ರವಾಹ 1.2 ಆಂಪಿಯರ್‌ಗೆ ಇಳಿಯಿತು. ಎಲೆಕ್ಟ್ರಿಕಲ್ ವಿಭಾಗದವರ ಬ್ಯಾಟರಿ ಕೊರತೆಯನ್ನು ನೀಗಿಸಿದ್ದು ಒಂದು ತಗಡಿನ ತುಂಡು! ಇದು ಹೊಳೆದದ್ದು ಆ ಓಣಿಯಲ್ಲಿ ನಿಂತು ಮಾತನಾಡುವಾಗ. ಎರಡು ವಿಭಾಗಗಳೂ ತಮ್ಮ ತಮ್ಮ ಅಧ್ಯಾಯಗಳಲ್ಲೇ ಉಳಿದಿದ್ದರೆ ಅವರು ದೊಡ್ಡ ಬ್ಯಾಟರಿ ಕೇಳುತ್ತಿದ್ದರು, ನಾವು ಭಾರ ಹೆಚ್ಚಾಯಿತೆಂದು ತಕರಾರು ತೆಗೆಯುತ್ತಿದ್ದೆವು.

ಈಗ ಬ್ಯಾಟರಿಯ ಅರ್ಧದಷ್ಟರಲ್ಲೇ ಎಕರೆ ಮುಗಿಯುತ್ತದೆಯಾದ್ದರಿಂದ ಚಿಕ್ಕ ಕೋಶಗಳನ್ನು ಹಾಕಿ ಖರ್ಚು ಉಳಿಸೋಣ ಎಂಬ ಮಾತು ಬಂತು. ಆದರೆ ಅದರ ತೂಕವೇ ಮುಂದಿನ ತುದಿಗೆ ಎದುರುಭಾರ. ಚಿಕ್ಕದು ಮಾಡಿದರೆ ಮಣಿಕಟ್ಟಿಗೆ ಭಾರ ಮರಳುತ್ತದೆ. ಸಂಜೆಯವರೆಗೆ ವಾದ ನಡೆಯಿತು. ಕೊನೆಗೆ ಕೋಶಗಳನ್ನು ಹಾಗೆಯೇ ಉಳಿಸಿಕೊಂಡೆವು. ಒಂದು ಚಾರ್ಜಿಗೆ ಎರಡು ಎಕರೆಯ ಹತ್ತಿರ ಬರಲಿ.

ಆಗಸ್ಟ್

ಮಳೆ. ಎರೆಹೊಲ ನೆನೆದರೆ ಕಾಲಿಡಲು ಬಿಡುವುದಿಲ್ಲ, ಚಪ್ಪಲಿಗೆ ಮಣ್ಣು ಅಂಟಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ಇತ್ತ ಗಿಡಕ್ಕೆ ದಿನ ಮೀರುತ್ತಿರುತ್ತದೆ. ಚಿವುಟಲು ಸಿಗುವ ಅವಧಿ ಲೆಕ್ಕದಲ್ಲಿ ಎರಡು ವಾರ, ಹೊಲದಲ್ಲಿ ಕೆಲವೇ ದಿನ. ಅದೇ ಹೊತ್ತಿಗೆ ಹೆಸರು ಕಟಾವಿಗೆ ಬಂದಿರುತ್ತದೆ, ಆಳು ಸಿಗುವುದಿಲ್ಲ. ವೇಗವಾಗಿ ಕೆಲಸ ಮುಗಿಸುವ ಉಪಕರಣಕ್ಕೆ ಇಲ್ಲಿ ಏಕೆ ಇಷ್ಟು ಬೆಲೆ ಎಂಬುದು ಕೆಸರಿನ ಅಂಚಿನಲ್ಲಿ ಕಾಯುತ್ತಾ ನಿಂತಾಗ ಅರ್ಥವಾಯಿತು. ಕತ್ತರಿಸುವ ಎತ್ತರ ಒಂದೇ ಸಮನಾಗಿರಲೆಂದು ಕೆಳಗೊಂದು ಚಕ್ರ ಕೂಡಿಸುವ ನಕ್ಷೆ ನಮ್ಮಲ್ಲಿತ್ತು. ಆ ಮಣ್ಣನ್ನು ನೋಡಿದ ಮೇಲೆ ಅದನ್ನು ಕೈಬಿಟ್ಟೆವು.

ಬಿಸಿಲು ಬಿದ್ದ ಮೇಲೆ ಯಂತ್ರವನ್ನು ಹೆಣ್ಣುಮಕ್ಕಳ ಕೈಗೇ ಕೊಟ್ಟೆವು. ಅವರು ಹೇಳಿದ ತಿದ್ದುಪಡಿಗಳು ನಮಗೆ ಯಾವ ಪಾಠದಲ್ಲಿಯೂ ಸಿಗುತ್ತಿರಲಿಲ್ಲ. ಸಮತೂಕ ಅತಿಯಾಯಿತು, ಗಾಳಿಗೆ ತುದಿ ತೇಲಾಡುತ್ತದೆ, ಮುಂದಕ್ಕೆ ಚೂರು ಭಾರವಿರಲಿ ಎಂದರು ಒಬ್ಬರು. ಕೊಕ್ಕೆಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದೆವು. ಯಂತ್ರ ತಾನೇ ಗಿಡದ ಮೇಲೆ ಇಳಿದು ಕೂರತೊಡಗಿತು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕೆಲಸ ಮಾಡುವುದು ಇಲ್ಲಿನ ರೂಢಿ, ಆದರೂ ಬಗ್ಗಿದಾಗ ಸೆರಗು ಜಾರುತ್ತದೆ. ಆದ್ದರಿಂದ ನಡೆಸುವವರ ಕಡೆಗೆ ಅರ್ಧವೃತ್ತದ ಕವಚ ಬಂತು. ಗುಂಡಿ ಒತ್ತಿ ಹಿಡಿದಿದ್ದರೆ ಮಾತ್ರ ಮೋಟಾರು ತಿರುಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಒದ್ದೆ ಎಲೆಗಳು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಂತರವನ್ನು 12 ಮಿಲಿಮೀಟರಿನಿಂದ 20ಕ್ಕೆ ಹೆಚ್ಚಿಸಿದ ಮೇಲೆ ಆ ಕಾಟ ತಪ್ಪಿತು.

ಹೊಲದ ಒಂದು ಭಾಗದಲ್ಲಿ ಯಂತ್ರದಿಂದ, ಪಕ್ಕದಲ್ಲಿ ಕೈಯಿಂದ ಚಿವುಟಿದ್ದೇವೆ. ಇನ್ನೊಂದು ಪಟ್ಟೆಯನ್ನು ಮುಟ್ಟದೆ ಬಿಟ್ಟಿದ್ದೇವೆ. ಹೂವಿಗೆ ಬಂದಾಗ ಮೂರು ಪಟ್ಟೆಗಳಲ್ಲಿಯೂ ರೆಂಬೆಗಳನ್ನು ಎಣಿಸಬೇಕು, ರಾಶಿಯ ವೇಳೆಗೆ ಕಾಯಿಗಳನ್ನು. ಅಲ್ಲಿಯವರೆಗೆ ಇಳುವರಿಯ ಬಗ್ಗೆ ನಾವು ಒಂದು ಮಾತನ್ನೂ ಆಡುವುದಿಲ್ಲ.

ಸೆಪ್ಟೆಂಬರ್

ಉಳಿದಿರುವ ದೊಡ್ಡ ಕೆಲಸ ಕಂಪನದ್ದು. ಅರ್ಧ ಗಂಟೆ ಹಿಡಿದರೆ ಅಂಗೈ ಜುಮ್ಮೆನ್ನುತ್ತದೆ ಎಂದು ಬಳಸಿದವರೆಲ್ಲ ಹೇಳಿದ್ದಾರೆ. ಪೈಪಿಗೆ ಮೊಬೈಲ್ ಕಟ್ಟಿ ಅದರ ವೇಗೋತ್ಕರ್ಷ ಸಂವೇದಕದಿಂದ ಅಳೆದಾಗ 43 ಹರ್ಟ್ಸ್ ಬಳಿ ಎತ್ತರದ ಶಿಖರ ಕಂಡಿತು. 2,600 ಸುತ್ತನ್ನು 60ರಿಂದ ಭಾಗಿಸಿದರೆ ಬರುವುದೂ ಅದೇ. ಎಂದರೆ ಬ್ಲೇಡಿನ ಅಸಮತೋಲನವೇ ಮೂಲ. ಬ್ಲೇಡಿನ ಭಾರವಾದ ಬದಿಯನ್ನು ಉಜ್ಜಿ ಸಮಗೊಳಿಸುತ್ತಿದ್ದೇವೆ, ಹಿಡಿಕೆಗೆ ರಬ್ಬರ್ ಬುಶ್ ಹಾಕುತ್ತಿದ್ದೇವೆ.

ಮುಂದಿನ ಮುಂಗಾರಿಗೆ ಯಂತ್ರವನ್ನು ಊರಿನಲ್ಲೇ ಬಿಡಿ ಎಂದು ಹೊಲದವರು ಕೇಳಿದ್ದಾರೆ. ಬಿಡುವುದಾದರೆ ದುರಸ್ತಿಯೂ ಅಲ್ಲೇ ಆಗಬೇಕು. ಆದ್ದರಿಂದ ಬ್ಲೇಡು, ಕವಚ, ಹಲ್ಲು, ಕೊಕ್ಕೆ ಎಲ್ಲಕ್ಕೂ 6 ಮಿಲಿಮೀಟರಿನ ಬೋಲ್ಟುಗಳನ್ನೇ ಹಾಕಿದ್ದೇವೆ. 10ರ ಸ್ಪ್ಯಾನರ್ ಒಂದಿದ್ದರೆ ಇಡೀ ಯಂತ್ರ ಬಿಚ್ಚುತ್ತದೆ. ನಿಯಂತ್ರಕದ ಪೆಟ್ಟಿಗೆಗೆ ಮಾತ್ರ ಇನ್ನೂ ಸಣ್ಣ ತಿರುಪುಗಳಿವೆ. ಈ ವಾರ ಅವನ್ನು ಬದಲಿಸುತ್ತೇವೆ.