ಪ್ಲಗ್ ಕಿತ್ತು ನೋಡಿದ ದಿನ

ಎರಡು ಸ್ಟೋರೇಜ್ ಸರ್ವರ್, ಅವುಗಳ ಡಿಸ್ಕ್ ಬಳಸಿ ವಿಎಂ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್) ಓಡಿಸುವ ಮೂರು ವರ್ಚುವಲೈಸೇಶನ್ ಹೋಸ್ಟ್. ಡಿಆರ್‌ಬಿಡಿಯಲ್ಲಿ (ಒಂದು ಸರ್ವರ್‌ನ ಡಿಸ್ಕ್ ಅನ್ನು ಇನ್ನೊಂದಕ್ಕೆ ನಕಲಿಸುತ್ತಿರುವ ಸಾಫ್ಟ್‌ವೇರ್) ಪ್ರೋಟೋಕಾಲ್ ಸಿ ಹಾಕಿದ್ದೆ. ಎರಡೂ ಕಡೆ ಬರೆದು ಮುಗಿದ ಮೇಲೇ ವಿಎಂಗೆ ‘ಆಯ್ತು’ ಅನ್ನುವ ಉತ್ತರ. ಒಂದು ಸರ್ವರ್ ಬಿದ್ದರೆ ಪೇಸ್‌ಮೇಕರ್ ಎಂಬ ಕ್ಲಸ್ಟರ್ ಮ್ಯಾನೇಜರ್ ಇನ್ನೊಂದನ್ನು ಪ್ರೈಮರಿ (ಡಿಸ್ಕ್ ಒದಗಿಸುವ ಮುಖ್ಯ ಸರ್ವರ್) ಮಾಡಿ, ಐಸ್ಕಸಿಯ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ವಿಧಾನ) ಐಪಿಯನ್ನು ಅಲ್ಲಿಗೆ ಒಯ್ಯಬೇಕು.

ಮೊದಲು ಎರಡು ಸರ್ವರ್‌ಗಳ ನಡುವಿನ ಕೇಬಲ್ ತೆಗೆದೆ. ಫೆನ್ಸಿಂಗ್ (ಬಿದ್ದ ಸರ್ವರ್ ಅನ್ನು ಬಲವಂತವಾಗಿ ಹೊರಗಿಡುವುದು) ಆಮೇಲೆ ನೋಡೋಣ ಅಂತ ಆಫ್ ಇಟ್ಟಿದ್ದೆ. ಎರಡೂ ‘ಆ ಕಡೆಯವನು ಸತ್ತ’ ಅಂದುಕೊಂಡು ಪ್ರೈಮರಿ ಆದವು. ಕೇಬಲ್ ವಾಪಸ್ ಹಾಕಿದಾಗ ಲಾಗ್‌ನಲ್ಲಿ ‘ಸ್ಪ್ಲಿಟ್-ಬ್ರೇನ್’, ಅಂದರೆ ಎರಡೂ ಕಡೆಯ ಡೇಟಾ ಬೇರೆ ಬೇರೆ. ಒಂದು ಕಡೆಯ ಡೇಟಾ ಬಿಡಲೇಬೇಕಾಯಿತು. ಟೆಸ್ಟ್ ವಿಎಂಗಳೇ ಆಗಿದ್ದರೂ ಆ ಕಮಾಂಡ್ ಕೊಡುವಾಗ ಕೈ ತಡೆಯಿತು.

ಸರ್ವರ್‌ನ ಪವರ್ ಅನ್ನು ದೂರದಿಂದ ನಿಯಂತ್ರಿಸುವ ಐಪಿಎಂಐ ಮೂಲಕ ಫೆನ್ಸಿಂಗ್ ಹಾಕಿದೆ. ಬಿದ್ದ ಸರ್ವರ್‌ನ ಪವರ್ ಆಫ್ ಮಾಡಿ, ಆಫ್ ಆದದ್ದು ಖಾತ್ರಿಯಾದ ಮೇಲೇ ಇನ್ನೊಂದು ಜಾಗ ಹಿಡಿಯುತ್ತದೆ. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕ್ರ್ಯಾಶ್ ಮಾಡಿಸಿದೆ. ಚೆನ್ನಾಗಿ ನಡೆಯಿತು. ಆ ಧೈರ್ಯದಲ್ಲಿ ಪ್ರೈಮರಿಯ ಎರಡೂ ಪವರ್ ಕೇಬಲ್ ಕಿತ್ತೆ.

ಏನೂ ಆಗಲಿಲ್ಲ. ಉಳಿದ ಸರ್ವರ್ ಫೆನ್ಸಿಂಗ್ ಯತ್ನಿಸುತ್ತದೆ, ಸೋಲುತ್ತದೆ, ಮತ್ತೆ ಯತ್ನಿಸುತ್ತದೆ. 120 ಸೆಕೆಂಡ್ ದಾಟಿದ್ದೇ ತಡ, ಹೋಸ್ಟ್‌ಗಳ ಐಸ್ಕಸಿ ಕಾಯುವುದನ್ನು ಬಿಟ್ಟು ಎರರ್ ಕೊಟ್ಟಿತು. ವಿಎಂಗಳ ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಯಿತು. ಕಾರಣ ಹೊಳೆದಾಗ ಎದೆ ಧಸಕ್ಕೆಂದಿತು. ಐಪಿಎಂಐ ಚಿಪ್‌ಗೂ ಕರೆಂಟ್ ಬರುವುದು ಅದೇ ಪ್ಲಗ್‌ನಿಂದಲೇ ಅಲ್ವಾ? ಸರ್ವರ್ ಜೊತೆ ಅದೂ ಸತ್ತಿದೆ. ‘ಆಫ್ ಆಗಿದೆ’ ಅಂತ ಹೇಳುವವರೇ ಇಲ್ಲ. ಹಾಗಾಗಿ ಕ್ಲಸ್ಟರ್ ಸುಮ್ನೆ ಕಾಯುತ್ತಿತ್ತು. ಅದು ಕಾದದ್ದೇ ಸರಿ. ಗೊತ್ತಿಲ್ಲದೆ ಜಾಗ ಹಿಡಿದಿದ್ದರೆ ಮೊದಲ ಟೆಸ್ಟ್‌ನ ಗತಿಯೇ ಆಗುತ್ತಿತ್ತು.

ರ‍್ಯಾಕ್‌ನ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿ) ನೆಟ್‌ವರ್ಕ್‌ನಿಂದ ಆಫ್ ಮಾಡಬಹುದಾದಂಥದ್ದು. ಅದನ್ನೇ ಎರಡನೇ ಹಂತದ ಫೆನ್ಸಿಂಗ್ ಮಾಡಿದೆ. ಐಪಿಎಂಐ ಉತ್ತರಿಸದಿದ್ದರೆ ಪಿಡಿಯು ಆ ಸರ್ವರ್‌ನ ಎರಡೂ ಔಟ್‌ಲೆಟ್ ಆಫ್ ಮಾಡಬೇಕು. ಐಪಿಎಂಐಗೆ ಕಾಯುವ ಸಮಯವನ್ನೂ ಕಡಿಮೆ ಮಾಡಿದೆ.

ಒಂದು ವಿಎಂನಲ್ಲಿ ಪ್ರತಿ ಸೆಕೆಂಡಿಗೂ ಸಮಯ ಬರೆದು ಕೂಡಲೇ ಡಿಸ್ಕ್‌ಗೆ ಸಿಂಕ್ ಮಾಡುವ ಸಣ್ಣ ಲೂಪ್ ಬಿಟ್ಟು, ಪ್ಲಗ್ ಮತ್ತೆ ಕಿತ್ತೆ. ಪರದೆ ನಿಂತಿತು. ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಆಮೇಲೆ ಸಾಲುಗಳು ಮತ್ತೆ ಇಳಿಯತೊಡಗಿದವು. ಫೈಲ್ ತೆರೆದೆ: 10:42:07. ಅದರ ಕೆಳಗಿನ ಸಾಲು 10:42:55.