ಡೀಸೆಲ್ ಪಂಪ್ ಇಳಿಸುವ ಮುಂಚೆ ಸೋರುವ ಜಾಗ ಹುಡುಕಿ

ಮೇಲುಕೋಟೆಯಿಂದ ವಾಪಸ್ ಬರುವಾಗ ಜಕ್ಕನಹಳ್ಳಿಯಲ್ಲಿ ಟೀಗೆ ನಿಲ್ಲಿಸಿದ್ದೆವು. ಹಿಂದೆ ಮಲಗಿದ್ದ ಮಗಳು ಎದ್ದು ಬಂದು "ಅಮ್ಮಾ, ನನ್ನ ದಿಂಬೆಲ್ಲ ಬಂಕ್ ವಾಸನೆ" ಅಂದಳು. ನನಗೂ ಎರಡು ದಿನದಿಂದ ಆ ವಾಸನೆ ಬರುತ್ತಿತ್ತು, ಟ್ಯಾಂಕ್ ತುಂಬಿಸುವಾಗ ಸ್ವಲ್ಪ ಚೆಲ್ಲಿರಬೇಕು ಅಂತ ಸುಮ್ಮನಿದ್ದೆ. ಕೆಳಗೆ ಬಗ್ಗಿ ನೋಡಿದರೆ ಮಣ್ಣಿನ ಮೇಲೆ ನಾಣ್ಯದಗಲ ಒದ್ದೆ ಕಲೆ. ನೋಡುತ್ತಿರುವಾಗಲೇ ಇನ್ನೊಂದು ಹನಿ ಬಿತ್ತು.

ನಮ್ಮದು 2004ರ ಮಾಡೆಲ್ ಡೀಸೆಲ್ ವ್ಯಾನು. ಹಿಂದಿನ ಸೀಟು ತೆಗೆಸಿ ಎರಡು ಹಾಸಿಗೆ, ಚಿಕ್ಕದೊಂದು ಅಡುಗೆ ಕಟ್ಟೆ, ನೀರಿನ ಟ್ಯಾಂಕು ಹಾಕಿಸಿದ್ದೇವೆ. ರಜೆ ಸಿಕ್ಕರೆ ಅದರಲ್ಲೇ ಓಡಾಟ, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಎಂಜಿನ್ ಇರುವುದು ಡ್ರೈವರ್ ಸೀಟಿನ ಪಕ್ಕದಲ್ಲಿ, ಒಳಗಿನಿಂದಲೇ ಮುಚ್ಚಳ ಎತ್ತಿದರೆ ಸಿಗುತ್ತದೆ. ಹಾಗಾಗಿ ಅಲ್ಲಿ ಏನು ಸೋರಿದರೂ ವಾಸನೆ ನೇರ ಹಾಸಿಗೆಗೆ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹತ್ತಿಕೊಳ್ಳುವುದಿಲ್ಲ, ನಿಜ. ಆದರೆ ಬಟ್ಟೆ, ಸ್ಪಂಜು ಹೀರಿಕೊಂಡ ಡೀಸೆಲ್, ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದ ಡೀಸೆಲ್, ಇದರ ಲೆಕ್ಕವೇ ಬೇರೆ. ಆ ದಿನ ದಾರಿಯಲ್ಲಿ ಒಲೆ ಹಚ್ಚಲಿಲ್ಲ. ಮನೆಗೆ ಬಂದ ಮೇಲೂ ಗ್ಯಾಸ್ ಸಿಲಿಂಡರ್ ಇಳಿಸಿಯೇ ನಿಲ್ಲಿಸಿದೆ.

ಮೈಸೂರಿನಲ್ಲಿ ಇಬ್ಬರಿಗೆ ತೋರಿಸಿದೆ. ಮೊದಲನೆಯವರು ಟಾರ್ಚ್ ಕೂಡ ಹಾಕದೆ "ಪಂಪ್ ಹೋಗಿದೆ ಮೇಡಂ, ಇಳಿಸಿ ಬೆಂಚಿಗೆ ಹಾಕಬೇಕು, 20,000 ಇಟ್ಟುಕೊಳ್ಳಿ" ಅಂದರು. ಪಂಪ್ ಅಂದರೆ ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಭಾಗ, ಬೆಂಚ್ ಅಂದರೆ ಅದನ್ನು ಪರೀಕ್ಷಿಸುವ ಯಂತ್ರ. ಎರಡನೆಯವರು ಪಂಪಿನ ಅಡಿಯಲ್ಲಿ ಬೆರಳಿಟ್ಟು ನೋಡಿ ಮುಂದಿನ ಸೀಲ್ ಹೋಗಿದೆ ಅಂದರು. ಅದಕ್ಕೂ ಪಂಪ್ ಇಳಿಸಲೇಬೇಕು, ಇಳಿಸಿದರೆ ಟೈಮಿಂಗ್, ಅಂದರೆ ಡೀಸೆಲ್ ಯಾವ ಗಳಿಗೆಗೆ ಚಿಮ್ಮಬೇಕು ಅನ್ನುವುದನ್ನು, ಮತ್ತೆ ಕೂರಿಸಬೇಕು. ದುಡ್ಡಿಗಿಂತ ನನಗೆ ಬೇಜಾರಾಗಿದ್ದು, ಇಬ್ಬರೂ ಸರಿಯಾಗಿ ನೋಡಲೇ ಇಲ್ಲ ಅನ್ನುವುದು.

ರಾತ್ರಿ ಪಾಂಡವಪುರದ ಹತ್ತಿರ ಊರಲ್ಲಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. ಕರೆಂಟ್ ಮೋಟರ್ ಬರುವ ಮುಂಚೆ ಗದ್ದೆಗೆ ನೀರೆತ್ತಲು ಅವರ ಹತ್ತಿರ ಡೀಸೆಲ್ ಎಂಜಿನ್ ಇತ್ತು. ಭತ್ತದ ಪೈರು ಒಣಗುತ್ತಿರುವಾಗ ಎಂಜಿನ್ ಕೆಟ್ಟರೆ ಮೆಕ್ಯಾನಿಕ್ಕಿಗೆ ಕಾಯುವ ಹಾಗಿರಲಿಲ್ಲ. ಆಗ ಕಲಿತ ಕೆಲಸ. ನಾನು ಪೂರ್ತಿ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. "ಪಂಪಿಂದ ಸೋರ್ತದೆ ಅಂದ್ರೆ ಆಗ್ಲಿಲ್ಲ ಕಣವ್ವ. ಪಂಪಲ್ಲಿ ಎಲ್ಲಿಂದ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ವ್ಯಾನಿನಲ್ಲಿರುವುದು ರೋಟರಿ ಪಂಪು. 1970ರ ದಶಕದಲ್ಲಿ ಬಂದ ಬಾಷ್ ವಿನ್ಯಾಸ, ವಿ.ಇ. ಪಂಪ್ ಅನ್ನುತ್ತಾರೆ. ಮಾವನ ಬಾಯಲ್ಲಿ ಇದೂ ಮೈಕೋ ಪಂಪೇ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ಹಳಬರ ಮಾತು ಮಾತ್ರ ಬದಲಾಗಿಲ್ಲ. ಹಳೆಯ ಇನ್‌ಲೈನ್ ಪಂಪಿನಲ್ಲಿ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಒಂದೊಂದು ಪ್ಲಂಜರ್, ಅಂದರೆ ಡೀಸೆಲ್ ಒತ್ತುವ ದಂಡ, ಇರುತ್ತದೆ. ಇದರಲ್ಲಿ ಒಂದೇ ಪ್ಲಂಜರ್. ಅದು ಸುತ್ತುತ್ತಲೇ ಹಿಂದಕ್ಕೂ ಮುಂದಕ್ಕೂ ಓಡಾಡಿ ನಾಲ್ಕೂ ಸಿಲಿಂಡರಿಗೆ ಸರದಿ ಪ್ರಕಾರ ಡೀಸೆಲ್ ಹಂಚುತ್ತದೆ. ಒಳಗಿನ ಭಾಗಗಳಿಗೆ ಬೇರೆ ಆಯಿಲ್ ಇಲ್ಲ. ಪಂಪಿನ ಹೊಟ್ಟೆ ತುಂಬ ಡೀಸೆಲ್ಲೇ ಇರುತ್ತದೆ, ಅದೇ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಎಂಜಿನ್ ಓಡುವಾಗ ಆ ಡೀಸೆಲ್ ಒತ್ತಡದಲ್ಲಿರುತ್ತದೆ, ಆದ್ದರಿಂದ ಎಲ್ಲಿ ಸೀಲ್ ಸೋತಿದೆಯೋ ಅಲ್ಲಿಂದ ಹೊರಗೆ ಬರುತ್ತದೆ. ಎಂಜಿನ್ ನಿಲ್ಲಿಸಿದಾಗ ಉಲ್ಟಾ. ಅದೇ ಜಾಗದಿಂದ ಗಾಳಿ ಒಳಗೆ ಹೋಗಿ, ಡೀಸೆಲ್ ನಿಧಾನಕ್ಕೆ ಟ್ಯಾಂಕಿನ ಕಡೆ ವಾಪಸ್ ಜಾರುತ್ತದೆ.

ಇದು ಗೊತ್ತಾದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಮೂರ್ನಾಲ್ಕು ತಿಂಗಳಿಂದ ಬೆಳಿಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ, ತುಂಬ ಹೊತ್ತು ಸೆಲ್ಫ್ ಹೊಡೆಯಬೇಕಿತ್ತು. ಬ್ಯಾಟರಿ ಹಳೆಯದಾಯಿತು ಅಂತ ಹೊಸದು ಹಾಕಿಸಿದ್ದೆ. ಒಂದು ಸಲ ಸ್ಟಾರ್ಟ್ ಆದರೆ ದಿನವೆಲ್ಲ ತೊಂದರೆ ಇರಲಿಲ್ಲ. ಸಂಜೆಯ ವಾಸನೆ, ಬೆಳಗಿನ ಸ್ಟಾರ್ಟಿಂಗ್ ತೊಂದರೆ, ಎರಡೂ ಒಂದೇ ತೂತಿನ ಕೆಲಸ. ನಿಮ್ಮ ಗಾಡಿಯಲ್ಲೂ ಹೀಗಿದ್ದರೆ ಬ್ಯಾಟರಿಗೆ ದುಡ್ಡು ಹಾಕುವ ಮುಂಚೆ ಪಂಪಿನಿಂದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪಿನ ಜಾಗಕ್ಕೆ, ಡೀಸೆಲ್ ತಡೆಯುವಂಥ ಪಾರದರ್ಶಕ ಪೈಪಿನ ತುಂಡೊಂದನ್ನು ಹಾಕಿ ನೋಡಿ. ಗುಳ್ಳೆ ಬರುತ್ತಿದ್ದರೆ ಗಾಳಿ ಎಲ್ಲೋ ನುಗ್ಗುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಸಣ್ಣ ಗುಳ್ಳೆ ಸಾಲಾಗಿ ಬಂತು.

ಭಾನುವಾರ ಮಾವ ಪಾಂಡವಪುರದಿಂದ ರೈಲಿನಲ್ಲಿ ಬಂದರು. ಕೈಯಲ್ಲಿ ಗೋಣಿಚೀಲ, ಅದರಲ್ಲಿ ಸ್ಪ್ಯಾನರ್ ಪೆಟ್ಟಿಗೆ, ಜೊತೆಗೆ ಎರಡು ಅಚ್ಚು ಬೆಲ್ಲ. ಕಣ್ಣು ಈಗ ಅಷ್ಟು ಸರಿ ಕಾಣುವುದಿಲ್ಲ ಅಂತ ಅವರು ಸ್ಟೂಲ್ ಮೇಲೆ ಕೂತು ಹೇಳುತ್ತಾ ಹೋದರು, ಕೈ ನನ್ನದು.

"ಮೊದ್ಲು ತೊಳ್ದು ಒಣಗ್ಸು. ಆಮ್ಯಾಕೆ ಪೌಡ್ರು ಹಾಕು."

ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್ಷು, ಒಂದು ಗಂಟೆ. ಇಪ್ಪತ್ತು ವರ್ಷದ ಜಿಡ್ಡು ಹೋಗುವ ಹೊತ್ತಿಗೆ ಪಂಪಿನ ಮೇಲ್ಮುಚ್ಚಳದ ಸುತ್ತ ಯಾರೋ ಸಿಲಿಕಾನ್ ಪೇಸ್ಟ್ ಮೆತ್ತಿದ್ದು ಕಾಣಿಸಿತು. ಸಿಲಿಕಾನ್ ಡೀಸೆಲ್ ತಡೆಯುವುದಿಲ್ಲ, ಮೆತ್ತಗಾಗಿ ಉಬ್ಬಿ ಎದ್ದು ಬರುತ್ತದೆ. ಅದರ ಚೂರು ಒಳಗೆ ಬಿದ್ದರೆ ಇನ್ನೂ ಕಷ್ಟ. ಅಂದರೆ ಈ ಸೋರಿಕೆ ನಾವು ಗಾಡಿ ತಗೊಳ್ಳುವ ಮುಂಚೆಯೇ ಇತ್ತು.

ಸೈಕಲ್ ಪಂಪಿನಿಂದ ಗಾಳಿ ಹೊಡೆದು ಒಣಗಿಸಿ, ಮುಖಕ್ಕೆ ಹಾಕುವ ಪೌಡರನ್ನು ಪಂಪಿನ ಮೇಲೆಲ್ಲ ತೆಳ್ಳಗೆ ಉದುರಿಸಿ ಎಂಜಿನ್ ಸ್ಟಾರ್ಟ್ ಮಾಡಿದೆ. ಏರ್ ಫಿಲ್ಟರ್ ಬಾಯಿಗೆ ಪೌಡರ್ ಹೋಗದ ಹಾಗೆ ನೋಡಿಕೊಳ್ಳಬೇಕು. ಐದು ನಿಮಿಷ ಏನೂ ಇಲ್ಲ. ಆಮೇಲೆ ಆಕ್ಸಿಲರೇಟರ್ ಸ್ವಲ್ಪ ಎತ್ತಿದಾಗ, ಮೇಲ್ಮುಚ್ಚಳದಲ್ಲಿ ಆಕ್ಸಿಲರೇಟರ್ ಲಿವರ್ ಕೂತಿರುವ ಶಾಫ್ಟಿನ ಬುಡದಲ್ಲಿ ಬಿಳಿ ಪೌಡರ್ ಕಪ್ಪಾಯಿತು. ಅಲ್ಲಿಂದ ಒಂದು ಗೆರೆ ಪಂಪಿನ ಪಕ್ಕದಲ್ಲಿ ಇಳಿದು, ಅಡಿಯ ಬೋಲ್ಟಿಗೆ ಬಂದು, ಹನಿಯಾಗಿ ನೇತಾಡಿತು. ಎರಡನೇ ಮೆಕ್ಯಾನಿಕ್ ಬೆರಳಿಟ್ಟು ನೋಡಿದ್ದು ಅದೇ ಬೋಲ್ಟು. ಸೋರುವುದು ಮೇಲೆ, ಹನಿ ಬೀಳುವುದು ಕೆಳಗೆ. ಮುಂದಿನ ಸೀಲಿನ ಹತ್ತಿರ ಪೌಡರ್ ಒದ್ದೆಯಾಗದೆ ಬೆಳ್ಳಗೆ ಹಾಗೇ ಇತ್ತು.

ನನಗೆ ಆಗ ಆದ ಸಮಾಧಾನ ಹೇಳಲಾರೆ. ಈ ಸೀಲಿಗೆ ಪಂಪ್ ಇಳಿಸಬೇಕಾಗಿಲ್ಲ, ಟೈಮಿಂಗ್ ಮುಟ್ಟಬೇಕಾಗಿಲ್ಲ. ಮೇಲ್ಮುಚ್ಚಳ ತೆಗೆದರೆ ಸಾಕು.

ಪಂಪಿನ ಮೇಲಿರುವ ತಗಡಿನ ಪಟ್ಟಿಯ ನಂಬರಿನ ಫೋಟೋ ತೆಗೆದುಕೊಂಡು ಮಾರನೇ ದಿನ ಬನ್ನಿಮಂಟಪದ ಕಡೆ ಪಂಪ್ ಕೆಲಸ ಮಾಡುವ ಒಂದು ಅಂಗಡಿಗೆ ಹೋದೆ. ಆ ನಂಬರ್ ಇದ್ದರೆ ಸರಿಯಾದ ಸೀಲ್ ಕಿಟ್ ಸಿಗುತ್ತದೆ, ಅಂದಾಜಿನ ಮೇಲೆ ತರಬೇಡಿ. ಅಂಗಡಿಯ ಯಜಮಾನರು ಎರಡು ಥರ ಓ-ರಿಂಗ್, ಅಂದರೆ ಸೀಲಿಗೆ ಹಾಕುವ ಬಳೆಯಂಥ ರಬ್ಬರ್, ಮುಂದಿಟ್ಟರು. ಕಪ್ಪಗಿರುವುದು ನೈಟ್ರೈಲ್ ರಬ್ಬರ್, ಕಂದು ಬಣ್ಣದ್ದು ವಿಟಾನ್. ವಿಟಾನ್ ತಗೊಳ್ಳಿ ಅಂದರು, ಯಾಕೆ ಅಂತಲೂ ಬಿಡಿಸಿ ಹೇಳಿದರು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಡೀಸೆಲ್ ಬಂತಲ್ವಾ, ಅದರಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು, ಅಷ್ಟೇ. ಅದಕ್ಕೂ ಮುಂಚೆ ಬಿಎಸ್-4ರಲ್ಲಿ 50 ಇತ್ತು, ಅದರ ಹಿಂದೆ ಬಿಎಸ್-3ರಲ್ಲಿ 350. ಗಂಧಕ ತೆಗೆಯಲು ರಿಫೈನರಿಯಲ್ಲಿ ಹೈಡ್ರೋಜನ್ ಹಾಯಿಸಿ ಡೀಸೆಲನ್ನು ಶುದ್ಧ ಮಾಡುತ್ತಾರೆ, ಆಗ ಅದರಲ್ಲಿರುವ ಆರೋಮ್ಯಾಟಿಕ್ ಅಂಶವೂ ಕಡಿಮೆಯಾಗುತ್ತದೆ. ಹಳೆ ಡೀಸೆಲಿನ ಆ ಅಂಶವನ್ನೇ ಹೀರಿಕೊಂಡು ಉಬ್ಬಿ ಬಿಗಿಯಾಗಿ ಕೂತಿದ್ದ ನೈಟ್ರೈಲ್ ರಿಂಗು, ಹೊಸ ಡೀಸೆಲ್ ಬಂದ ಮೇಲೆ ಕುಗ್ಗುತ್ತದೆ. ವಯಸ್ಸಾಗಿ ಗಟ್ಟಿಯಾದ ರಬ್ಬರ್ ಆದರಂತೂ ಮತ್ತೆ ಜಾಗಕ್ಕೆ ಒತ್ತಿ ಕೂರುವುದಿಲ್ಲ, ಅಲ್ಲಿಂದ ಸೋರಿಕೆ ಶುರು. ಅಮೆರಿಕದಲ್ಲಿ 1993ರಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗಲೂ ಹಳೆ ಗಾಡಿಗಳ ಪಂಪ್ ಸೋರುವ ದೂರು ಹೀಗೇ ಎದ್ದಿತ್ತು. ಹೊಸ ಡೀಸೆಲ್ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ, ನಮ್ಮ ಮಕ್ಕಳು ಉಸಿರಾಡುವ ಗಾಳಿಗೆ ಅದು ಬೇಕೇ ಬೇಕು. ಹಳೆ ಗಾಡಿಯ ರಬ್ಬರ್ ಬದಲಾಯಿಸಬೇಕು, ಅಷ್ಟೇ. ಕಿಟ್‌ಗೆ ಕೊಟ್ಟದ್ದು ಕೆಲವು ನೂರು ರೂಪಾಯಿ.

ಇನ್ನು ಬಿಚ್ಚುವ ಕೆಲಸ. ಪೌಡರೆಲ್ಲ ಮತ್ತೆ ತೊಳೆದು ಒರೆಸಿ, ಬ್ಯಾಟರಿಯ ನೆಗೆಟಿವ್ ತೆಗೆದು, ಪಂಪಿನ ಕೆಳಗೆ ಅಗಲದ ತಟ್ಟೆ ಇಟ್ಟೆ. ಒರೆಸಲು ಕಾಟನ್ ವೇಸ್ಟ್ ಬೇಡ ಅಂತ ಮಾವ ಮೂರು ಸಲ ಹೇಳಿದರು. ಅದರ ಎಳೆ ಉದುರುತ್ತದೆ, ಒಳಗಿನ ಪ್ಲಂಜರ್ ಮೈಕ್ರಾನ್ ಲೆಕ್ಕದ ಸಂದಿಯಲ್ಲಿ ಓಡಾಡುವಂಥದ್ದು.

ಲಿವರ್ ತೆಗೆಯುವ ಮುಂಚೆ ಲಿವರಿಗೂ ಶಾಫ್ಟಿಗೂ ಸೇರಿಸಿ ಒಂದು ಗೆರೆ ಕೊರೆದು, ಮೇಲೆ ನೇಲ್ ಪಾಲಿಶ್ ಹಚ್ಚಿದೆ. ಇದನ್ನು ಮರೆಯಲೇಬೇಡಿ. ಶಾಫ್ಟಿನ ತಲೆಯಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಒಂದೇ ಒಂದು ಹಲ್ಲು ಆಚೀಚೆ ಕೂತರೂ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಕೂಗುತ್ತಾ ಏರಿಬಿಡಬಹುದು. ಫುಲ್ ಲೋಡ್ ಸ್ಕ್ರೂ ಅಂತ ಇನ್ನೊಂದಿದೆ, ಎಷ್ಟು ಡೀಸೆಲ್ ಹೋಗಬೇಕು ಅನ್ನುವುದನ್ನು ಅದೇ ಕಟ್ಟುವುದು. ಅದನ್ನು ತಿರುಗಿಸಬೇಡಿ. ಆಮೇಲೆ ನಾಲ್ಕು ಅಲೆನ್ ಸ್ಕ್ರೂ ಬಿಚ್ಚಿ, ಒಂದು ಕೈಯಿಂದ ಶಾಫ್ಟನ್ನು ಕೆಳಗೆ ಒತ್ತುತ್ತಾ ಇನ್ನೊಂದು ಕೈಯಿಂದ ಮುಚ್ಚಳ ಮೇಲೆತ್ತಬೇಕು, ಏಕೆಂದರೆ ಶಾಫ್ಟಿನ ತುದಿ ಒಳಗೆ ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್ ಅನ್ನುವ ಭಾಗದ ಸ್ಪ್ರಿಂಗಿಗೆ ಕೊಂಡಿ ಹಾಕಿಕೊಂಡಿರುತ್ತದೆ, ಜೋರಾಗಿ ಎಳೆದರೆ ಕೆಡುತ್ತದೆ. ನನಗೆ ಕೈ ನಡುಗುತ್ತಿತ್ತು. "ಅವಸ್ರ ಇಲ್ಲ ಕಣವ್ವ, ಅದೇ ಬತ್ತದೆ" ಅಂದರು ಮಾವ. ಬಂತು.

ಒಳಗೆ ಶುದ್ಧ ಡೀಸೆಲ್, ಅದರಲ್ಲಿ ಮುಳುಗಿ ಹೊಳೆಯುವ ಗವರ್ನರ್ ತೂಕದ ಬಿಲ್ಲೆಗಳು. ಎಷ್ಟು ಚೆಂದದ ಕೆಲಸ ಅದು! ಇಪ್ಪತ್ತು ವರ್ಷ ಓಡಿದ್ದರೂ ತುಕ್ಕಿಲ್ಲ, ಗೀರಿಲ್ಲ. ಇದನ್ನು ಹೋಗಿದೆ ಅಂದಿದ್ದರಲ್ಲ ಅಂತ ಹೊಟ್ಟೆ ಉರಿಯಿತು.

ಶಾಫ್ಟಿನ ಹಳೆ ಓ-ರಿಂಗ್ ಹೊರಗೆ ಬಂದಾಗ ಗುಂಡಗಿರಲಿಲ್ಲ, ಒಂದು ಕಡೆ ಚಪ್ಪಟೆಯಾಗಿತ್ತು. ಉಗುರಿನಿಂದ ಬಾಗಿಸಿದರೆ ಪಟ್ ಅಂತ ಮುರಿಯಿತು. ಹೊಸದನ್ನು ಶುದ್ಧ ಡೀಸೆಲಿನಲ್ಲಿ ಅದ್ದಿ ಕೂರಿಸಿದೆ, ಮುಚ್ಚಳದ ದೊಡ್ಡ ರಿಂಗನ್ನೂ ಬದಲಾಯಿಸಿದೆ. ಶಾಫ್ಟ್ ಅಲುಗುತ್ತದಾ ಅಂತ ಮಾವ ತಾವೇ ಹಿಡಿದು ನೋಡಿದರು. ಶಾಫ್ಟ್ ಕೂರುವ ತೂತು ಸವೆದು ಆಟ ಬಂದಿದ್ದರೆ ಹೊಸ ರಿಂಗ್ ಹಾಕಿದರೂ ಸ್ವಲ್ಪ ದಿನಕ್ಕೇ ಮತ್ತೆ ಸೋರುತ್ತದೆ, ಆಗ ಪಂಪ್ ಅಂಗಡಿಯೇ ಗತಿ. ನಮ್ಮದು ಗಟ್ಟಿಯಾಗಿತ್ತು.

ಪೈಪುಗಳ ತಾಮ್ರದ ವಾಷರ್ ಎಲ್ಲ ಹೊಸದು ಹಾಕಿ. ಇನ್ನೊಂದು ಮಾತು. ಡೀಸೆಲ್ ಒಳಗೆ ಬರುವ ಬೋಲ್ಟು, ವಾಪಸ್ ಹೋಗುವ ಬೋಲ್ಟು ನೋಡಲು ಒಂದೇ ಥರ ಇರುತ್ತವೆ, ಆದರೆ ವಾಪಸ್ ಹೋಗುವುದರಲ್ಲಿ ತೂತು ತುಂಬ ಸಣ್ಣದು, ಪಂಪಿನೊಳಗೆ ಒತ್ತಡ ನಿಲ್ಲುವುದೇ ಅದರಿಂದ. ಅದಲು ಬದಲು ಮಾಡಿದರೆ ಗಾಡಿ ಎಳೆಯುವುದಿಲ್ಲ, ತಪ್ಪು ಎಲ್ಲಿದೆ ಅಂತ ದಿನಗಟ್ಟಲೆ ಹುಡುಕಬೇಕಾಗುತ್ತದೆ.

ಬಿಚ್ಚಿದಾಗ ಒಳಗೆ ಸೇರಿದ ಏರ್ ತೆಗೆಯುವುದು ಮಾವನಿಗೆ ಇಷ್ಟದ ಕೆಲಸ, ಸ್ಟೂಲ್ ಬಿಟ್ಟು ಎದ್ದು ಬಂದರು. ಡೀಸೆಲ್ ಫಿಲ್ಟರ್ ಮೇಲಿನ ಹ್ಯಾಂಡ್ ಪ್ರೈಮರ್, ಅಂದರೆ ಕೈಪಂಪು, ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಪ್ರೈಮರ್ ಕೈಗೆ ಗಟ್ಟಿಯಾದ ಮೇಲೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಡೆಯ ಪೈಪ್ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯುವುದು, ಸ್ವಲ್ಪ ಬಿಡುವುದು, ಮತ್ತೆ ಹೊಡೆಯುವುದು. ನಾಲ್ಕರಲ್ಲೂ ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಬೇಕು. ಈ ಪೈಪಿನ ಹತ್ತಿರ ಸೋರಿಕೆ ಇದೆಯಾ ಅಂತ ಯಾವತ್ತೂ ಕೈಯಿಟ್ಟು ನೋಡಬೇಡಿ. ಇಂಜೆಕ್ಟರ್ ತೆರೆಯುವುದೇ 100 ಬಾರ್‌ಗಿಂತ ಜಾಸ್ತಿ ಒತ್ತಡದಲ್ಲಿ, ಕೂದಲೆಳೆಯಷ್ಟು ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟೇ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ. ರಟ್ಟಿನ ತುಂಡು ಹಿಡಿದು ನೋಡಿ, ಕಣ್ಣಿಗೆ ಕನ್ನಡಕ ಇರಲಿ.

ಲಿವರ್ ತಪ್ಪಿ ಕೂತಿದ್ದರೆ ಗಾಳಿ ಬಾಯಿ ಮುಚ್ಚಿ ಎಂಜಿನ್ ನಿಲ್ಲಿಸಲು ಅಂತ ಮಾವ ಒಂದು ಹಲಗೆ ಹಿಡಿದು ನಿಂತರು. ಕೀ ತಿರುಗಿಸಿದೆ. ಎರಡು ಸಲ ಕೆಮ್ಮಿತು, ಬಿಳಿ ಹೊಗೆ ಬಂತು, ಆಮೇಲೆ ಎಂದಿನ ಸದ್ದು. ಹಲಗೆ ಬೇಕಾಗಲಿಲ್ಲ. ತಟ್ಟೆಯಲ್ಲಿ ಬಿದ್ದಿದ್ದ ಡೀಸೆಲನ್ನು ಚರಂಡಿಗೆ ಚೆಲ್ಲದೆ ಡಬ್ಬಕ್ಕೆ ತುಂಬಿದೆ, ನೆಲಕ್ಕೆ ಮರದ ಹೊಟ್ಟು ಹಾಕಿ ಗುಡಿಸಿದೆ.

ಸಂಜೆ ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿದೆವು. ರಾತ್ರಿ ಎಂಜಿನ್ ಕೆಳಗೆ ನ್ಯೂಸ್ ಪೇಪರ್ ಹಾಸಿದೆ. ಬೆಳಿಗ್ಗೆ ಆರಕ್ಕೇ ಎದ್ದು ಹೋಗಿ ನೋಡಿದೆ, ಪೇಪರ್ ಒಣಗಿತ್ತು. ಕೀ ತಿರುಗಿಸಿದೆ, ಒಂದೇ ಸೆಲ್ಫಿಗೆ ಹಿಡಿಯಿತು. ಮಾವ ಎದ್ದು ಹೊರಗೆ ಬರುವ ಮುಂಚೆ ಇನ್ನೊಂದು ಸಲ ನಿಲ್ಲಿಸಿ ಸ್ಟಾರ್ಟ್ ಮಾಡಿದೆ.

ಈಗ ಮೂರು ವಾರ ಆಯಿತು, ಪೇಪರ್ ಇನ್ನೂ ಹಾಸುತ್ತಿದ್ದೇನೆ. ದಿಂಬು, ಹಾಸಿಗೆ ಎಲ್ಲ ನಾಲ್ಕು ದಿನ ಬಿಸಿಲಿಗೆ ಹಾಕಿದ ಮೇಲೆ ವಾಸನೆ ಹೋಯಿತು. ಒಂದು ಕೆಲಸ ಬಾಕಿ ಇದೆ. ಇಷ್ಟು ದಿನ ಡೀಸೆಲ್ ಬಿದ್ದು ಬಿದ್ದು ಪಂಪಿನ ಕೆಳಗಿರುವ ಎಂಜಿನ್ ಮೌಂಟಿಂಗ್ ರಬ್ಬರ್ ಮೆತ್ತಗಾಗಿದೆ, ಒತ್ತಿದರೆ ಬೆರಳಿನ ಗುರುತು ಬೀಳುತ್ತದೆ. ಮುಂದಿನ ಭಾನುವಾರ ಅದನ್ನು ಬದಲಾಯಿಸಬೇಕು. ಜ್ಯಾಕ್ ಒಂದೇ ಸಾಲದು, ಎಂಜಿನ್ ಅಡಿಗೆ ಮರದ ದಿಮ್ಮಿ ಬೇಕು ಅಂತ ಮಾವ ಫೋನಿನಲ್ಲಿ ಹೇಳಿದ್ದಾರೆ, ದಿಮ್ಮಿ ಅವರೇ ತರುತ್ತಾರಂತೆ.